ನಮ್ಮ ಶಿವಲೀಲಾ, ನಮ್ಮ ಮೂವತ್ತೇಳನೇ ಪಾಳಿ

ಅಂತರ್ಜಾಲ ವಿಳಾಸ ನೋಂದಣಿ ಸಂಸ್ಥೆಯ ಮಹಾನಿರ್ದೇಶಕರಿಗೆ,

ಮಾನ್ಯರೇ,

‘ನನ್ನ ಚಂದಾದಲ್ಲಿ ಸಂಬಳ ಪಡೆಯುವವರೇ’ ಎಂದು ಮೊದಲು ಬರೆದಿದ್ದೆ, ಹೊಡೆದುಹಾಕಿದೆ. ತಕರಾರು ಇಷ್ಟು: ನಮ್ಮ ಅರ್ಜಿಯನ್ನು ನಿಮ್ಮ ಕಚೇರಿ ಮುಚ್ಚಿದೆ, ಎರಡು ವರ್ಷ ಕಾದ ನಮ್ಮ ಪಾಳಿ ಹೋಗಿದೆ. ಆ ಅರ್ಜಿ ಸರಿಯಾಗಿ ತುಂಬಬಲ್ಲ ಒಬ್ಬಳೇ ಒಬ್ಬಳು ಈಗ ನಿಮ್ಮಲ್ಲಿದ್ದಾಳೆ.

ಇದು ಬಹಿರಂಗ ಪತ್ರ, ಆದ್ದರಿಂದ ಓದುಗರಿಗೆ ಒಂದು ಮಾತು. ಅಂತರ್ಜಾಲದಲ್ಲಿ ಯಂತ್ರಗಳಿಗೆ ಅಂಕಿಗಳ ವಿಳಾಸ ಬೇಕು. ಆ ಅಂಕಿಗಳನ್ನು ಹಂಚುವುದು ಈ ಸಂಸ್ಥೆ. ಇದು ಸರಕಾರದ್ದಲ್ಲ, ಯಾವ ಸೇಠನದೂ ಅಲ್ಲ. ನನ್ನಂಥ ಸಾವಿರಾರು ವೈರು ಎಳೆಯುವವರು ಸದಸ್ಯರು. ಚಂದಾ ನಮ್ಮದು, ಮತ ನಮ್ಮದು. ಅಂದರೆ ಕಾಗದದ ಮೇಲೆ ನಾನು ಇದರ ಮಾಲೀಕ. ಮಾಲೀಕನಿಗೆ ತನ್ನ ಅಂಗಡಿಯ ಮೇಲೆಯೇ ಹೊಟ್ಟೆಕಿಚ್ಚು ಬರುವುದುಂಟೇ? ನನಗೆ ಬಂದಿದೆ.

ಭಾಗ್ಯನಗರದಲ್ಲಿ ಕಂಬ ಹತ್ತಿ ಕೇಬಲ್ ಕಟ್ಟುತ್ತಿದ್ದವ ನಾನು. ಇವತ್ತು ಕೊಪ್ಪಳ, ಯಲಬುರ್ಗಾ, ತಾವರಗೇರಾ ತನಕ ಸಾವಿರದ ನೂರಾ ನಲವತ್ತು ಕನೆಕ್ಷನ್ನು. ನೋಡಿಕೊಳ್ಳಲು ನನ್ನನ್ನೂ ಹಿಡಿದು ಮೂರು ಜನ. ನಿಮ್ಮಲ್ಲಿ ತೊಂಬತ್ತು ಜನ. ಅದರಲ್ಲಿ ಸದಸ್ಯರ ಸಂತೃಪ್ತಿಗೆಂದೇ ಒಬ್ಬ ಅಧಿಕಾರಿ. ನನ್ನ ಅಂಗಡಿಯಲ್ಲಿ ಆ ಹುದ್ದೆಯನ್ನು ಚಹಾ ನಿಭಾಯಿಸುತ್ತದೆ.

ಶಿವಲೀಲಾ ಬಿ.ಕಾಂ. ಮುಗಿಸಿ ನಮ್ಮಲ್ಲಿಗೆ ಬಂದಳು, ಏಳು ವರ್ಷ ಇದ್ದಳು. ಕೇಬಲ್ಲಿನ ಎಳೆ ಜೋಡಿಸುವುದು, ಬೈಯುವ ಗಿರಾಕಿಯನ್ನು ನಗಿಸಿ ಕಳಿಸುವುದು, ಒಂದು ವಿಳಾಸವೂ ಸುಮ್ಮನೆ ಬಿದ್ದಿರದಂತೆ ವಹಿ ಇಡುವುದು, ಎಲ್ಲ ನಾನೇ ಕಲಿಸಿದ್ದು. ಹೋದ ವರ್ಷ ನೀವು ಜಾಹೀರಾತು ಕೊಟ್ಟಿರಿ, ಮನೆಯಿಂದಲೇ ಕೆಲಸ ಎಂದಿರಿ. ಅವಳ ಮನೆ ನನ್ನ ಅಂಗಡಿಯ ಎದುರಿಗೇ. ಮಹಡಿಯ ಮೇಲೆ ಕೂತು, ನನ್ನ ವೈರಿನಲ್ಲೇ ನಿಮ್ಮ ಕೆಲಸ ಮಾಡುತ್ತಾಳೆ. ವೈರು ಕಡಿದರೆ ಮೊದಲ ಫೋನು ಅವಳದೇ: “ಕಾಕಾರ, ಮೀಟಿಂಗ್ ಐತ್ರಿ, ಲಗೂನ ಜೋಡಸ್ರಿ.” ಅವಳ ಸಂಬಳಕ್ಕೆ ನನ್ನ ಚಂದಾ, ಅವಳ ಮೇಜಿಗೆ ನನ್ನ ವೈರು. ಕೆಲಸವೊಂದು ಮಾತ್ರ ನನ್ನದಲ್ಲ.

ಇನ್ನು ಅರ್ಜಿಯ ಕಥೆ. ನಮ್ಮೂರಿನ ತಲೆಗೂದಲ ಕಾರ್ಖಾನೆಗಳಲ್ಲಿ ಹದಿನಾಲ್ಕು ನನ್ನ ಗಿರಾಕಿಗಳು. ಪರದೇಶದ ವ್ಯಾಪಾರಿ ಅಲ್ಲಿಂದಲೇ ಕ್ಯಾಮೆರಾದಲ್ಲಿ ಮಾಲು ನೋಡಬೇಕು ಅನ್ನುತ್ತಾನೆ. ಅದಕ್ಕೆ ಪ್ರತಿ ಕಾರ್ಖಾನೆಗೂ ಬೇರೆ ವಿಳಾಸ ಬೇಕು. ಇನ್ನೂರಾ ಐವತ್ತಾರು ವಿಳಾಸ (ಅದಕ್ಕಿಂತ ಚಿಕ್ಕ ಕಟ್ಟು ನೀವು ಕೊಡುವುದಿಲ್ಲ) ಕೇಳಿ ಪಾಳಿಯಲ್ಲಿ ನಿಂತೆ, ಮೂವತ್ತೇಳನೆಯವನಾಗಿ. ಮಾರ್ಚಿನಲ್ಲಿ ನಮ್ಮ ಸರದಿ ಬಂತು, ನಿಮ್ಮಿಂದ ಇಂಗ್ಲಿಷಿನಲ್ಲಿ ಪತ್ರವೂ ಬಂತು: ಬಳಕೆಯಲ್ಲಿರುವ ‘ಅಡ್ರೆಸ್ಸು’ಗಳ ಪಟ್ಟಿ ಕಳಿಸಿ, ಹದಿನೈದು ದಿನ ಗಡುವು. ಶಿವಲೀಲಾ ಇದ್ದಿದ್ದರೆ ಅರ್ಧ ತಾಸಿನ ಕೆಲಸ. ಇದ್ದವನು ಕಳಕಪ್ಪ, ನಿವೃತ್ತ ಲೈನ್‌ಮನ್, ಪ್ರಾಮಾಣಿಕ. ಹತ್ತು ದಿನ ಸೈಕಲ್ ತುಳಿದು ಓಣಿ ಓಣಿ ತಿರುಗಿ ಪಟ್ಟಿ ಬರೆದ: ‘ಮಲ್ಲಪ್ಪನ ಗಿರಣಿ ಹಿಂದ, ನೀಲಿ ಬಾಗಿಲಾ’, ‘ದರ್ಗಾ ದಾಟಿ ಮೂರನೇ ಮನಿ, ನಾಯಿ ಐತಿ.’ ನಾನು ಓದದೆ ಕಳಿಸಿದೆ. ಸಾವಿರದ ನೂರಾ ನಲವತ್ತರಲ್ಲಿ ಒಂದೂ ತಪ್ಪಿಲ್ಲ. ಬೇಕಾದರೆ ಹೋಗಿ ಬಾಗಿಲು ಬಡಿಯಿರಿ. ನೀವು ಬಡಿಯಲಿಲ್ಲ, ಫೋನೂ ಮಾಡಲಿಲ್ಲ. ‘ಅಸಮರ್ಪಕ’ ಎಂದು ಮುಚ್ಚಿದಿರಿ.

ಆ ವಿಳಾಸಗಳು ಮೂವತ್ತೆಂಟನೆಯವನಿಗೆ ಹೋದವು, ಗಂಗಾವತಿಯ ಗೋವಿಂದರಾಜನಿಗೆ. ಕಳಕಪ್ಪನ ಪಟ್ಟಿಯ ಸುದ್ದಿ ಆಗಲೇ ಊರೂರು ಹಬ್ಬಿತ್ತು. ಮರುದಿನವೇ ಅವನ ಫೋನು: “ಫಕ್ರುಸಾಬ, ವಿಳಾಸ ಬೇಕಾದ್ರ ಹೇಳ್ರಿ, ಬಾಡಿಗಿಗೆ ಕೊಡೂಣು. ನಾಯಿ ಇಲ್ಲದ್ದ ನೋಡಿ ಕೊಡ್ತೀನಿ.” ಹದಿನಾಲ್ಕರಲ್ಲಿ ಎರಡು ಕಾರ್ಖಾನೆ ಆಗಲೇ ಅವನ ಕಡೆ ಹೋಗಿವೆ. ಉಳಿದವು ದೀಪಾವಳಿ ತನಕ ನೋಡುತ್ತೇವೆ ಅಂದಿವೆ.

ರಸ್ತೆ ದಾಟಿ ಶಿವಲೀಲಾಳ ಮಹಡಿ ಹತ್ತಿದೆ.

“ಆ ಪಟ್ಟಿ ನಿನ್ನ ಕಣ್ಣಿಗೆ ಬಿದ್ದಿರಲಿಲ್ಲೇನವಾ?”

“ಬಿದ್ದಿತ್ರಿ ಕಾಕಾರ. ನೀಲಿ ಬಾಗಿಲಾ ಓದಿದ ಕೂಡ್ಲೇ ಕಳಕಪ್ಪಣ್ಣಂದು ಅಂತ ಗೊತ್ತಾತು.”

“ಮತ್ತ ಸುಮ್ಮನ ಕುಂತಿ?”

“ನಿಮ್ಮ ಕಡೆ ದುಡದಾಕಿ ನಾ. ಎರಡು ವರ್ಷ ನಿಮ್ಮ ಫೈಲು ಮುಟ್ಟಂಗಿಲ್ರಿ, ಕಾಯ್ದೆ ಐತಿ.”

“ಒಂದು ಫೋನು ಮಾಡಬೇಕಿತ್ತಲ್ಲ?”

“ಅದೂ ಮುಟ್ಟಿದಂಗ ಅಲ್ರಿ?”

ಏಳು ವರ್ಷದಲ್ಲಿ ಗಿರಾಕಿಗೆ ‘ಇಲ್ಲ’ ಅನ್ನುವುದನ್ನು ನನ್ನಿಂದ ಅವಳಿಗೆ ಕಲಿಸಲಾಗಲಿಲ್ಲ. ನೀವು ಒಂದೇ ವರ್ಷದಲ್ಲಿ ಕಲಿಸಿದಿರಿ, ಅದೂ ನನಗೇ ಅನ್ನುವಂತೆ. ಹೊಟ್ಟೆ ಉರಿಯದೇ?

“ಹಂಗಾರ ಬ್ಯಾರೆ ಯಾರರ ಫೋನ್ ಮಾಡಬೇಕಿತ್ತಲ್ಲ?” ಅಂದೆ.

“ಯಾರು ಮಾಡ್ಬೇಕ್ರಿ? ಒಬ್ಬಾಕಿ ಕೈಯಾಗ ಮುನ್ನೂರು ಫೈಲು. ಮೂರು ಹುದ್ದೆ ಖಾಲಿ ಬಿದ್ದಾವು. ಹೋದ ವರ್ಷ ಚಂದಾ ಏರಿಸೂದು ಬ್ಯಾಡ ಅಂತ ಮತ ಹಾಕಿದವರು ಯಾರ್ರಿ ಕಾಕಾರ?”

ಚಹಾ ಕುಡಿದು ಕೆಳಗೆ ಇಳಿದೆ.

ಈ ತಿಂಗಳ ಸಭೆಯಲ್ಲಿ ಚಂದಾ ಏರಿಸುವ ಆ ಠರಾವು ಮತ್ತೆ ಬರುತ್ತದೆ. ಈ ಸಲ ನನ್ನ ಮತ ಏರಿಕೆಗೆ, ಬರೆದಿಟ್ಟುಕೊಳ್ಳಿ. ಆ ಮೂರು ಹುದ್ದೆ ತುಂಬಿ. ಅದರಲ್ಲೊಬ್ಬರು, ಅರ್ಜಿ ಮುಚ್ಚುವ ಮೊದಲು ಸದಸ್ಯನಿಗೆ ಫೋನು ಮಾಡಿ ‘ಯಾವ ವಿಳಾಸ ಕೇಳಿದ್ದೇವೆ ಗೊತ್ತೇ?’ ಎಂದು ಅವನ ಭಾಷೆಯಲ್ಲಿ ಕೇಳುವವರಿರಲಿ. ದೀಪಾವಳಿಯೊಳಗೆ ನನ್ನ ಮೂವತ್ತೇಳನೇ ಪಾಳಿ ಮರಳಿ ಕೊಡಿ. ಶಿವಲೀಲಾಳನ್ನು ಕೇಳುವುದಿಲ್ಲ, ನಿಮ್ಮಲ್ಲೇ ಛಲೋ ಅದಾಳ.

ಮತ್ತೊಂದು. ಕಳಕಪ್ಪನಿಗೆ ಈಗ ಎರಡು ಬಗೆಯ ವಿಳಾಸಗಳೂ ಬಾಯಿಪಾಠ. ನಿಮ್ಮ ಮುಂದಿನ ಜಾಹೀರಾತನ್ನು ಅವನಿಗೆ ತೋರಿಸಬೇಡಿ.

ಇಂತಿ,
ನಿಮ್ಮ ಮಾಲೀಕರಲ್ಲೊಬ್ಬ, ಸದ್ಯ ಪಾಳಿಯಲ್ಲಿಲ್ಲದವ,
ಫಕ್ರುದ್ದೀನ
ಶಿವಲೀಲಾಳ ಮನೆಯ ಎದುರಿಗೆ, ಭಾಗ್ಯನಗರ