ನೊಣ ಸುಳಿಯದ ತೊಟ್ಟಿಲು

ಮಗಳೇ,

ಗಾಬರಿಯಾಗಬೇಡ. ಪಾಪುವನ್ನು ಆಸ್ಪತ್ರೆಗೆ ಕರೆದುಕೊಂಡು ಹೊರಟಿದ್ದೇನೆ. ಪಕ್ಕದ ಮನೆಯ ಡ್ರೈವರ್, ಪಾಪ, ಉಣ್ಣುತ್ತಿದ್ದವನು ಕೈ ತೊಳೆದು ಗಾಡಿ ತಂದಿದ್ದಾನೆ.

ನಿನ್ನ ಮೈವಾಸನೆ ಇಲ್ಲದೆ ಅವಳು ಮಲಗುವುದಿಲ್ಲವೆಂದು, ನಿನ್ನೆ ಹೊಲದಲ್ಲಿ ಔಷಧಿ ಹೊಡೆಯುವಾಗ ಹಾಕಿದ್ದ ಅಂಗಿಯನ್ನೇ ತೊಟ್ಟಿಲಿಗೆ ಹೊದಿಸಿ ಹೋಗಿದ್ದೆಯಲ್ಲ, ಬೆಳಗ್ಗೆಯಿಂದ ಒಂದು ನೊಣವೂ ಹತ್ತಿರ ಸುಳಿಯಲಿಲ್ಲ. ಒಳ್ಳೆಯದೇ ಆಯಿತು ಅಂದುಕೊಂಡೆ. ಆಮೇಲೆ ಗುಡಿಸಲು ಬಗ್ಗಿದರೆ, ನೊಣಗಳೆಲ್ಲ ತೊಟ್ಟಿಲ ಕೆಳಗೇ ಕಾಲು ಮೇಲೆ ಮಾಡಿಕೊಂಡು ಬಿದ್ದಿದ್ದವು. ಹಾಲಿನ ಹೊತ್ತು ಮೀರಿದ್ದರೂ ಪಾಪು ಅತ್ತಿರಲಿಲ್ಲ. ಮನೆ ಅಷ್ಟೊಂದು ನಿಶ್ಶಬ್ದವಾಗಿದ್ದದ್ದು ನನಗೆ ಆಗಲೇ ತಿಳಿದದ್ದು.

ನರ್ಸಮ್ಮನಿಗೆ ಫೋನ್ ಮಾಡಿದೆ. "ಅಜ್ಜಿ, ಮೊದಲು ಅಂಗಿ ತೆಗೀರಿ, ಮಗೂನ ಸೋಪು ಹಾಕಿ ತೊಳೀರಿ. ಅಳೋದೆಲ್ಲ ಆಮೇಲೆ," ಅಂದರು. ತೊಳೆದೆ. ಉಸಿರಾಡುತ್ತಿದ್ದಾಳೆ. ನನ್ನ ಬೆರಳು ಹಿಡಿದಿದ್ದಾಳೆ, ಆದರೆ ಹಿಡಿತ ಸಡಿಲ.

ಅಂಗಿ ಹಿತ್ತಿಲ ಬಕೆಟ್ಟಿನಲ್ಲಿದೆ, ಮುಟ್ಟಬೇಡ. ಹೊಲದ ಮೇಸ್ತ್ರಿಯನ್ನು ಔಷಧಿಯ ಹೆಸರು ಕೇಳು, ಡಾಕ್ಟರಿಗೆ ಬೇಕಂತೆ. ಅವನು ನಕ್ಕರೆ ಡಬ್ಬಿಯನ್ನೇ ಕೊಡು ಅನ್ನು. ತಲೆಯಿಂದ ಕಾಲಿನವರೆಗೆ ಸೋಪು ಹಾಕಿ ಸ್ನಾನ ಮಾಡಿ, ಒಗೆದ ಬಟ್ಟೆ ಹಾಕಿಕೊಂಡೇ ಬಾ. ಅವಳನ್ನು ಎತ್ತಿಕೊಳ್ಳುವ ಆತುರದಲ್ಲಿ ಇದನ್ನು ಬಿಡಬೇಡ ಕಂದಾ, ನಿನ್ನ ಮೈಮೇಲೂ ಅದೇ ಇದೆ.

ಈಗ ಅವಳನ್ನು ನನ್ನ ಶಾಲಿನಲ್ಲಿ ಸುತ್ತಿದ್ದೇನೆ. ನನ್ನ ವಾಸನೆ ಬಡಿದರೆ ಸಾಕು, ಬೀದಿಯೆಲ್ಲ ಸೇರುವಂತೆ ಅಳುವವಳು. ಇನ್ನೂ ಅತ್ತಿಲ್ಲ.

ನೀನು ಮರೆತುಹೋದ ಫೋನಿನ ಕೆಳಗೇ ಈ ಚೀಟಿ ಇಟ್ಟಿದ್ದೇನೆ. ಫೋನ್ ಕೈಯಲ್ಲೇ ಇರಲಿ. ಅವಳು ಅತ್ತ ಕೂಡಲೇ ನಿನಗೆ ಕೇಳಿಸುತ್ತೇನೆ.

ನಿನ್ನ ಅತ್ತೆ