ದೊಡ್ಡಮ್ಮ ಮನೆಗೆ ಬರುವ ಅಧ್ಯಾಯ

ಮನೆಯಿಂದ
೧೪ನೇ ತಾರೀಖು, ಬುಧವಾರ ಬೆಳಿಗ್ಗೆ

ಪ್ರೀತಿಯ ಮಗಳೇ,

ಹೇಗಿದ್ದೀಯಾ? ದಿನವಿಡೀ ಕತ್ತಲೆ ಕೋಣೆಯಲ್ಲಿ ಕೂತು ಒಂದೇ ದೃಶ್ಯವನ್ನು ಹಿಂದೆ ಮುಂದೆ ಓಡಿಸಿ ನೋಡುತ್ತಿದ್ದರೆ ಕಣ್ಣು ಏನಾಗಬೇಕು? ಭಾನುವಾರ ನೋಡಿದಾಗ ಎಡಗಣ್ಣು ಕೆಂಪಗಿತ್ತು. ಡಾಕ್ಟರಿಗೆ ತೋರಿಸಿದೆಯೋ ಇಲ್ಲವೋ ತಿಳಿಸು. “ತೋರಿಸ್ತೀನಪ್ಪಾ” ಅನ್ನುವುದು ಉತ್ತರವಲ್ಲ. ನನ್ನ ಮಂಡಿ ಹಾಗೇ ಇದೆ, ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ಅಮ್ಮನ ರಕ್ತದೊತ್ತಡದ ವಿಷಯ ಮಾತ್ರ ಕೇಳಬೇಡ, ಅದನ್ನು ಏರಿಸಿದವಳೇ ನೀನು.

ನಿಮ್ಮ ಆಫೀಸಿನ ಮ್ಯಾನೇಜರು ಬೆಳಗಾಗುತ್ತಲೇ ಕಾರಿನಲ್ಲಿ ಬಂದಿಳಿದು ಹೊರಗಿನ ಕೋಣೆಯಲ್ಲಿ ಕೂತಿದ್ದಾರೆ. ಟೀ ಮೇಲೆ ಟೀ ಆಯಿತು. ಒಪ್ಪಿಗೆ ಪತ್ರದ ಕವರನ್ನು ನಿದ್ದೆ ಹೋದ ಕೂಸಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡಿದ್ದಾರೆ, ಪಾಪ. ಕಾದಂಬರಿ ಬರೆದ ನಿಮ್ಮಮ್ಮನ ಸಹಿ ಇಲ್ಲದೆ ನಿನ್ನ ಚಿತ್ರ ಬಿಡುಗಡೆ ಮಾಡುವಂತಿಲ್ಲ, ಸಹಿ ನಾಳೆಯೊಳಗೆ ಬೇಕು ಎಂದು ನನಗೆ ಎರಡೆರಡು ಸಲ ವಿವರಿಸಿದರು. ಅಮ್ಮನಿಗೆ ವಿವರಿಸುವ ಧೈರ್ಯ ಇನ್ನೂ ಬಂದಿಲ್ಲ. ಅವಳು ಎದುರಿಗೆ ಹಾದುಹೋದಾಗಲೆಲ್ಲ ದಡಕ್ಕನೆ ಎದ್ದು ನಿಲ್ಲುತ್ತಿದ್ದರು. “ಕೂತ್ಕೊಳ್ರೀ, ಇದೇನು ಕೋರ್ಟಾ?” ಅಂದಳು ಒಮ್ಮೆ. ಇದನ್ನೆಲ್ಲ ಫೋನಿನಲ್ಲಿ ಹೇಳೋಣವೆಂದರೆ ನಿಮ್ಮಮ್ಮನ ಕಿವಿ ನಿನಗೆ ಗೊತ್ತೇ ಇದೆ. ಅದಕ್ಕೇ ಮ್ಯಾನೇಜರ ಕೈಯಲ್ಲೇ ಕಳಿಸೋಣವೆಂದು ಬರೆಯುತ್ತಿದ್ದೇನೆ.

ಭಾನುವಾರ ನೀನು ನಮ್ಮಿಬ್ಬರನ್ನೇ ಕೂರಿಸಿ ಚಿತ್ರ ತೋರಿಸಿದೆ. ಮುಗಿಯುತ್ತಲೇ ಅಮ್ಮ ಹೊರಟುಬಂದಳು. ದಾರಿಯುದ್ದಕ್ಕೂ ಕಿಟಕಿಯಾಚೆ ನೋಡುತ್ತಿದ್ದವಳು ಮನೆಯ ಬೀಗ ತೆಗೆಯುವಾಗ ಬಾಯಿ ಬಿಟ್ಟಳು: “ಅಷ್ಟು ಕಷ್ಟಪಟ್ಟು ಅಕ್ಕನ್ನ ಮನೆಗೆ ಕರ್ಕೊಂಡು ಬಂದಿದ್ದೆ. ನಿಮ್ಮ ಮಗಳು ಮತ್ತೆ ಬೀದಿಗೆ ಬಿಟ್ಟಳು.” ಅಂದಿನಿಂದ ಒಂದೇ ಹಟ. ನೀನು ಕೈಬಿಟ್ಟ ಕೊನೆಯ ಅಧ್ಯಾಯ ಚಿತ್ರಕ್ಕೆ ವಾಪಸು ಬರಬೇಕು, ಇಲ್ಲವಾದರೆ ಸಹಿ ಇಲ್ಲ. ನೀನು ಫೋನಿನಲ್ಲಿ “ಆಗಲ್ಲಮ್ಮ” ಅಂದದ್ದು ನನಗೂ ಕೇಳಿಸಿತು. ಇಬ್ಬರದೂ ಒಂದೇ ದನಿ, ಒಂದೇ ಮೊಂಡುತನ. ನಡುವೆ ನಾನೊಬ್ಬ ಅಡಕತ್ತರಿಯಲ್ಲಿ.

ಕಾದಂಬರಿಯ ಅಕ್ಕ ನಿನ್ನ ದೊಡ್ಡಮ್ಮನೇ ಎನ್ನುವುದು ನಿನಗೆ ಗೊತ್ತು. ನಡೆದದ್ದು ಏನೆಂದು ಬಹುಶಃ ಗೊತ್ತಿಲ್ಲ. ಗಂಡನ ಮನೆ ಬಿಟ್ಟ ದಿನ ದೊಡ್ಡಮ್ಮ ಕೈಹೊಲಿಗೆ ಯಂತ್ರ ಹಿಡಿದುಕೊಂಡು ನೇರ ಇಲ್ಲಿಗೆ ಬಂದಿದ್ದರು. ನಾನು ಕೆಲಸಕ್ಕೆ ಹೋಗಿದ್ದೆ. ಅಮ್ಮ ಆಗಿನ್ನೂ ಹೊಸ ಸೊಸೆ, ಒಳಗೆ ಅತ್ತೆ ಮಾವ. ಬಾಗಿಲಿಗೆ ಅಡ್ಡ ನಿಂತೇ “ಹೊಂದ್ಕೊಂಡು ಹೋಗಕ್ಕಾ” ಅಂದುಬಿಟ್ಟಳು. ದೊಡ್ಡಮ್ಮ ಯಂತ್ರವನ್ನು ಬಲಗೈಯಿಂದ ಎಡಗೈಗೆ ಬದಲಾಯಿಸಿಕೊಂಡು ಮೆಟ್ಟಿಲಿಳಿದು ಹೋದರಂತೆ. ಹೋದವರು ನೀನಿರುವ ಊರಿನಲ್ಲೇ ಮಹಡಿಯ ಮೇಲೆ ಒಂದು ಕೋಣೆ ಹಿಡಿದರು. ಇಂದಿಗೂ ಅಲ್ಲೇ ಬಟ್ಟೆ ಹೊಲಿದು ಬದುಕುತ್ತಿದ್ದಾರೆ. ವಿಳಾಸ ಅಮ್ಮನಿಗೆ ಬಾಯಿಪಾಠ, ಹೋದದ್ದು ಮಾತ್ರ ಇಲ್ಲ. ಹೋಗುವ ಬದಲು ಕಾದಂಬರಿ ಬರೆದಳು. ಕೊನೆಯ ಅಧ್ಯಾಯದಲ್ಲಿ ಅಕ್ಕ ತಿರುಗಿ ಬರುತ್ತಾಳೆ, ತಂಗಿ ಎರಡೂ ಕದ ತೆರೆಯುತ್ತಾಳೆ. ಓದಿದವರೆಲ್ಲ ಅಲ್ಲಿ ಅತ್ತೆವೆಂದು ಹೇಳಿದರು.

ನಾನು ಅಳಲಿಲ್ಲ. ನೀನು ನನ್ನ ಅಭಿಪ್ರಾಯ ಕೇಳಿದ್ದೆಯಲ್ಲ, ಹೇಳುತ್ತೇನೆ. ಎಲ್ಲೆಲ್ಲಿಯ ಕಾದಂಬರಿಗಳನ್ನೋ ಅನುವಾದದಲ್ಲಿ ಓದಿಕೊಂಡು ಬಂದವನು ನಾನು. ಒಂದು ಕೃತಿ ಭಾಷೆ ದಾಟುವಾಗ ಏನನ್ನು ಕಳೆದುಕೊಳ್ಳುತ್ತದೆ ಎಂದು ಹುಡುಕುವುದೇ ನನ್ನ ಚಾಳಿ. ಚಿತ್ರಮಂದಿರದಿಂದಲೂ ಇಷ್ಟು ವರ್ಷ “ಪುಸ್ತಕವೇ ವಾಸಿ” ಎಂದುಕೊಂಡೇ ಹೊರಗೆ ಬಂದಿದ್ದೇನೆ. ಈ ಸಲ ಹಾಗೆ ಅನ್ನಲು ಆಗಲಿಲ್ಲ. ಗಂಡನ ಮನೆ ಯಾಕೆ ಅಸಹನೀಯವಾಯಿತು ಎಂದು ಹೇಳಲು ಅಮ್ಮನಿಗೆ ಒಂದಿಡೀ ಅಧ್ಯಾಯ ಬೇಕಾಯಿತು. ನಿನ್ನ ಚಿತ್ರದಲ್ಲಿ ಅಕ್ಕ ಎಲ್ಲರ ಚಪ್ಪಲಿಗಳನ್ನೂ ಜೋಡಿಸಿಟ್ಟು ತನ್ನದಕ್ಕೆ ಜಾಗ ಸಿಗದೆ ಕೈಯಲ್ಲೇ ಹಿಡಿದು ನಿಲ್ಲುತ್ತಾಳೆ. ಅಷ್ಟೇ, ಮುಗಿಯಿತು. ಪುಸ್ತಕದುದ್ದಕ್ಕೂ ತುಟಿ ಬಿಚ್ಚದ ಹೆಂಗಸು ಕೊನೆಯಲ್ಲಿ ಎರಡು ಪುಟ ತಡೆಯಿಲ್ಲದೆ ಮಾತಾಡಿ ತಂಗಿಯನ್ನು ಕ್ಷಮಿಸುತ್ತಾಳೆ. ಆ ಮಾತು ಅಕ್ಕನದಲ್ಲ, ಕ್ಷಮೆ ಬೇಕಾಗಿದ್ದ ತಂಗಿಯದು. ನಿನ್ನ ಚಿತ್ರದ ಅಕ್ಕ ಕೊನೆಗೆ ಬಾಡಿಗೆ ಕೋಣೆಯಲ್ಲಿ ಪರದೆ ಹೊಲಿಯುತ್ತಾಳೆ, ಕಿಟಕಿಗೆ ತೂಗುಹಾಕುತ್ತಾಳೆ, ಅದು ಗೇಣುದ್ದ ಗಿಡ್ಡವಾಗಿರುತ್ತದೆ. ಊರಿಗೆಲ್ಲ ಅಳತೆ ತಪ್ಪದೆ ಹೊಲಿಯುವವಳು ನಿಂತು ನೋಡಿ ನಗುತ್ತಾಳೆ, ಹಾಗೇ ಬಿಡುತ್ತಾಳೆ. ಅವಳು ಬೀದಿಯಲ್ಲಿಲ್ಲ ಮಗಳೇ, ತನ್ನ ಮನೆಯಲ್ಲಿದ್ದಾಳೆ. ಅಮ್ಮ ಬರೆದ ಹೆಂಗಸನ್ನು ಅಮ್ಮನಿಗಿಂತ ಹೆಚ್ಚು ನಂಬಿದವಳು ನೀನು. ಪುಸ್ತಕಕ್ಕಿಂತ ಚಿತ್ರ ಮೇಲು.

ಇಷ್ಟನ್ನು ನಿನಗೆ ಬರೆಯಬಲ್ಲೆ. ಪಕ್ಕದ ಕೋಣೆಯಲ್ಲಿರುವವಳಿಗೆ ಹೇಳುವುದು ಹೇಗೆಂದೇ ತೋಚಿರಲಿಲ್ಲ. ನಮ್ಮ ಪದ್ಧತಿ ನೀನು ಚಿಕ್ಕವಳಿದ್ದಾಗಿಂದ ನೋಡಿದ್ದೀಯ. ಅವಳು ಬರೆದದ್ದನ್ನು ನಾನು ಗಟ್ಟಿಯಾಗಿ ಓದಬೇಕು, ಅವಳು ನನಗೆ ಬೆನ್ನು ಹಾಕಿ ಕೂತು ಕೇಳುತ್ತಾಳೆ. ನನ್ನ ದನಿ ಎಲ್ಲಿ ತೊಡರುತ್ತದೋ ಅಲ್ಲಿ ಜೀವ ಇದೆ ಎಂದು ಅವಳ ಲೆಕ್ಕ. ಇವತ್ತು ಮ್ಯಾನೇಜರಿಗೆ ಮೂರನೇ ಟೀ ಕೊಟ್ಟು ಒಳಗೆ ಬಂದವಳೇ ಪುಸ್ತಕ ನನ್ನ ಮುಂದಿಟ್ಟು, “ಕೊನೇ ಅಧ್ಯಾಯ ಓದಿ” ಅಂದಳು. ಬೆನ್ನು ತಿರುಗಿಸಿ ಕೂತಳು. ಬೇಕೆಂದೇ ಒಂದೆರಡು ಕಡೆ ತಡವರಿಸೋಣವೇ ಎಂದು ಯೋಚಿಸಿದೆ. ಅಂಥ ಮೋಸ ಈ ಮನೆಯಲ್ಲಿ ಯಾವತ್ತೂ ನಡೆದಿಲ್ಲ, ನಾಲಿಗೆ ಒಪ್ಪಲಿಲ್ಲ. ಒಂದೇ ಸಮನೆ ಓದಿ ಮುಗಿಸಿದೆ. ಆಮೇಲೆ ಗೋಡೆಗೆ ಹೇಳುವ ಹಾಗೆ ಹೇಳಿದಳು: “ಕರೆಂಟ್ ಬಿಲ್ ಓದಿದ ಹಾಗೆ ಓದಿದ್ರಿ.” ನಾನು ಪುಸ್ತಕ ಮುಚ್ಚಿಟ್ಟೆ. “ನಿಮಗೂ ಅವಳದ್ದೇ ಸರಿ ಅನ್ಸಿದೆ ಅಲ್ವಾ?” ಅಂದಳು. ಹೂಂ ಅಂದೆ. ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಆಗಿನಿಂದ ಬೀರು ತೆಗೆಯುವ, ಮುಚ್ಚುವ ಸದ್ದು ಕೇಳಿಸುತ್ತಿದೆ. ಮ್ಯಾನೇಜರು ಕಣ್ಣಲ್ಲೇ ನನ್ನನ್ನು ಕೇಳುತ್ತಾರೆ, ನಾನು ಕಣ್ಣು ತಪ್ಪಿಸುತ್ತೇನೆ.

ಸಹಿ ಸಿಗದಿದ್ದರೆ ನಿನ್ನ ಎರಡು ವರ್ಷದ ದುಡಿಮೆ ಡಬ್ಬಿ ಸೇರುತ್ತದೆ, ಗೊತ್ತು. ಹಾಗಾದರೂ ಕೊನೆಯನ್ನು ಬದಲಾಯಿಸಬೇಡ ಎಂದು ಹೇಳುವ ಹಕ್ಕು ನನಗಿದೆಯೋ ಇಲ್ಲವೋ ತಿಳಿಯದು. ಆದರೂ ಬೇಡ. ಅಮ್ಮನ ಮೇಲೆ ಸಿಟ್ಟು ಇಟ್ಟುಕೊಳ್ಳಬೇಡ. ಹೊತ್ತಿಗೆ ಸರಿಯಾಗಿ ಉಣ್ಣು. ನಿನಗೆ ಒಳ್ಳೆಯದಾಗಲಿ, ಕಣ್ಣು ತಂಪಾಗಿರಲಿ.

ಇಂತು ನಿನ್ನ
ಅಪ್ಪ

ಮರೆತ ಮಾತು: ಮರೆತದ್ದಲ್ಲ, ಈಗಷ್ಟೇ ಆದದ್ದು. ಅವಸರದಲ್ಲಿ ಗೀಚುತ್ತಿದ್ದೇನೆ. ಅಮ್ಮ ಕೈಚೀಲ ಹಿಡಿದು ಬಂದು ಮ್ಯಾನೇಜರ ಕಾರಿನಲ್ಲಿ ಕೂತಿದ್ದಾಳೆ. ಆಫೀಸಿಗಲ್ಲ, ದೊಡ್ಡಮ್ಮನ ಬೀದಿಗೆ ಬಿಡಬೇಕಂತೆ. ಸಹಿ ಹಾಕಿಲ್ಲ. ಒಪ್ಪಿಗೆ ಪತ್ರ ಚೀಲದಲ್ಲಿದೆ. “ಕೊನೆ ಏನಂತ ನಾನೂ ಹೇಳ್ದೆ, ಅವಳೂ ಹೇಳಿದ್ಳು. ಅಕ್ಕನ್ನ ಯಾರು ಕೇಳಿದ್ವಿ? ಕೇಳ್ಕೊಂಡು ಬಂದು ಹಾಕ್ತೀನಿ” ಅಂದಳು. ನಾನೂ ಬರಲೇ ಅಂದರೆ, “ನಿಮ್ಮ ಮಂಡಿ ಕಟ್ಕೊಂಡು ಆ ಮೆಟ್ಟಿಲು ಹತ್ತಿದ ಹಾಗೇ ಇದೆ, ಬೇಡ” ಅಂದಳು. ಅವಳನ್ನು ಇಳಿಸಿ ಮ್ಯಾನೇಜರು ನೇರ ನಿನ್ನ ಹತ್ತಿರ ಬರುತ್ತಾರೆ. ಇದನ್ನು ಓದಿದ ಕೂಡಲೇ ಅವರ ಜೊತೆ ಹೊರಡು. ಮೇಲೆ ಹತ್ತಬೇಡ, ಕೆಳಗೆ ನಿಂತಿರು. ದೊಡ್ಡಮ್ಮ ಬಾಗಿಲು ತೆಗೆಯದಿದ್ದರೆ ಇವಳು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಡುತ್ತಾಳೆ, ಇಳಿದು ಬರುವಾಗ ಯಾರಾದರೂ ಇರಬೇಕು. ತೆಗೆದರೋ ಇಲ್ಲವೋ, ಅಷ್ಟನ್ನು ಮಾತ್ರ ಫೋನು ಮಾಡಿ ಹೇಳು. ಸಿನಿಮಾ ವಿಷಯ ಆಮೇಲೆ.