ಕಂಪ್ಯೂಟರಿನ ಗವಸು

ಇನ್ನೂ ಹೆಸರಿಲ್ಲದ ನನ್ನ ಕಂದನಿಗೆ,

ನೀನು ಗಂಡೋ ಹೆಣ್ಣೋ, ಮೂಗು ಯಾರದೋ, ನನಗೆ ಒಂದೂ ಗೊತ್ತಿಲ್ಲ. ಹೊಟ್ಟೆಯೊಳಗೆ ಕೂತು ಎಷ್ಟು ಕಾಡುತ್ತೀಯ!

ಬರುವ ತಿಂಗಳು ನನ್ನ ಸೀಮಂತದ ಕುಬಸ. ನಾನು ಹೊಟ್ಟೆಯಲ್ಲಿದ್ದಾಗ ನನ್ನವ್ವ ತನ್ನ ಕುಬಸಕ್ಕೆ ಉಟ್ಟಂಥದೇ ಸೀರೆ ನೇಯಿಸಬೇಕೆಂಬುದು ನನ್ನ ಹಟ. ಅವಳು ಹೋಗಿ ಮೂರು ವರ್ಷವಾಯಿತು. "ಸೀರಿ ಎಲ್ಲಾ ಹಂಚಿಬಿಟ್ಟೇನವಾ" ಎಂದಿದ್ದರು ನಿನ್ನಜ್ಜ ಅಮಾತೆಪ್ಪ. ಉಳಿದಿದ್ದು ಬಾಗಲಕೋಟೆಯ ನಮ್ಮ ಮನೆಯ ಕಂಪ್ಯೂಟರಿನಲ್ಲಿರುವ, ಆ ಸೀರೆ ಉಟ್ಟ ಅವ್ವನ ಒಂದು ಫೋಟೊ. ಎಲ್ಲಿದ್ದರೂ ಅದನ್ನು ಮೊಬೈಲಿನಲ್ಲಿ ನೋಡುವ ವ್ಯವಸ್ಥೆಯನ್ನು ನಿನ್ನಪ್ಪ ಪ್ರವೀಣಕುಮಾರ ಮಾಡಿಕೊಟ್ಟಿದ್ದಾನೆ. ಹುನಗುಂದ ದಾಟಿ, ನಾನು ಸೀರೆ ನೇಯಿಸಲು ಹೋಗುವ ಇಳಕಲ್ಲಿನ ತನಕ ಫೋಟೊದ ಅವ್ವ ಯಾವ ದಾರಿಯಲ್ಲಿ ಬರುತ್ತಾಳೆ? ಅವನು ಎರಡು ಸಲ ಹೇಳಿದ, ನನ್ನ ತಲೆಗೆ ಹತ್ತಲಿಲ್ಲ.

ಇವತ್ತು ಇಳಕಲ್ಲಿನಲ್ಲಿ ನೇಕಾರ ರಾಜಮಹ್ಮದರ ಮಗ್ಗದ ಮುಂದೆ ಕೂತು ಮೊಬೈಲ್ ತೆರೆದರೆ, ಕಂಪ್ಯೂಟರ್ ಸಿಗುತ್ತಿಲ್ಲ ಎಂದಿತು. ಅಜ್ಜನಿಗೆ ಫೋನು ಮಾಡಿದೆ. "ನೀ ಊರಿಗೆ ಹೊಂಟಿದ್ದಿ, ಸುಮ್ನ ಯಾಕ ಚಾಲೂ ಇರಬೇಕಂತ ಬಂದ್ ಮಾಡಿ ಗವಸು ಹಾಕೇನಿ" ಎಂದರು. ನಮ್ಮ ಮನೆಯಲ್ಲಿ ರೇಡಿಯೊ, ಮಿಕ್ಸರ್, ಹೊಲಿಗೆ ಯಂತ್ರ ಯಾವುದೂ ಬರಿಮೈಯಲ್ಲಿ ಇರುವಂತಿಲ್ಲ. ಫೋನು ಇಡಗೊಡದೆ ಗವಸು ತೆಗೆಸಿ, ಗುಂಡಿ ಒತ್ತಿಸಿ, ಕಾದೆ.

ಅವ್ವ ಬಂದಳು. ಮೊದಲು ಬರೀ ಮಬ್ಬು, ಆಮೇಲೆ ನಗು. ನೀನು ಒದ್ದದ್ದು ಆಗಲೇ. ರಾಜಮಹ್ಮದರು ಸೀರೆಯ ಅಂಚಿನ ದಡಿಯನ್ನು ದೊಡ್ಡದು ಮಾಡಿ ನೋಡಿದರು. "ಗೋಮಿ ದಡಿನೋ ಪರಾಸಪೇಟಿನೋ, ಇದ್ರಾಗ ತಿಳಿಯಂಗಿಲ್ರಿ ಅಕ್ಕಾರ. ಸೀರಿ ತುಣುಕರ ಇದ್ರ ತರ್ರಿ" ಎಂದರು. ನನಗೆ ಅಳುವೇ ಬಂತು.

ಫೋನಿನಲ್ಲಿ ಅಜ್ಜ ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ ಮೆಲ್ಲಗೆ ಹೇಳಿದರು: "ಪರಾಸಪೇಟಿ ಅದು. ನನ್ನ ಕೈಯಾಗ ಐತಿ ನೋಡವಾ. ಅದೊಂದು ಸೀರಿ ಕೊಡಾಕ ಮನಸ ಆಗಲಿಲ್ಲ. ದಡಿ ಒಳಮಗ್ಗಲಾ ಮಾಡಿ ಗವಸು ಹೊಲಿಸಿದೆ."

ಕಂದಾ, ಅವ್ವನ ಫೋಟೊ ನೋಡುವ ಆಸೆಗೆ ಮೂರು ವರ್ಷ ದಿನಾ ಆ ಗವಸನ್ನು ತೆಗೆದು ಮೂಲೆಗೆ ಒಗೆದವಳು ನಾನೇ.

ಸಂಜೆ ಮನೆ ಮುಟ್ಟಿದಾಗ ಅಜ್ಜ ಚಾಳೀಸು ಹಾಕಿಕೊಂಡು ಅದರ ಹೊಲಿಗೆ ಬಿಚ್ಚುತ್ತ ಕೂತಿದ್ದರು. "ಗೇಣುದ್ದ ದಡಿ ನೇಕಾರಗ ಕೊಡು. ಉಳಿದದ್ದು ಕೂಸಿಗೆ. ಹೊಸ ಕೂಸಿನ್ನ ಹಳೀ ಸೀರ್‍ಯಾಗ ಸುತ್ತಬೇಕು" ಎಂದರು. ಕಂಪ್ಯೂಟರಿನ ಮೇಲೆ ಧೂಳು ಕೂತರೆ ಕೂರಲಿ.

ಸುಖವಾಗಿ ಬಾ. ನಿನ್ನಜ್ಜಿ ನಿನ್ನನ್ನು ಬೆಚ್ಚಗಿಡಲಿ.

ನಿನ್ನ ಮೂಗಿನ ದಾರಿ ಕಾಯುತ್ತಿರುವ ಅವ್ವ,
ಪದ್ಮಶ್ರೀ